ಹಿತ್ತಿಲಿನ ಕೇರೆ ಹಾವನ್ನು ಇರಲು ಬಿಡಬಹುದಾ?

ಹಾವುಗಳ ಬಗ್ಗೆ ಪ್ರಶ್ನೆ ಇದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ತುಂಬಾ ಪತ್ರಗಳು ಬಂದವು. ಹೆಚ್ಚಿನವರು ಕೇಳಿದ್ದು ಒಂದೇ, ಹಾವು ಮನೆ ಹತ್ತಿರ ಬಾರದ ಹಾಗೆ ಏನು ಮಾಡಬೇಕು ಅಂತ. ಕೆಲವರು ಮಾತ್ರ ಬೇರೆ ಥರ ಕೇಳಿದ್ದಾರೆ, ಅದು ಇದ್ದರೆ ನಾವು ಹೇಗಿರಬೇಕು ಅಂತ. ನನಗೆ ಆ ಎರಡನೇ ಪ್ರಶ್ನೆಯೇ ಮುಖ್ಯ ಅನಿಸುತ್ತದೆ. ಅದಕ್ಕೆ ಅಂಥ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆ ಹಿಂದೆ ಸೌದೆ ಒಟ್ಟಿದ್ದೇವೆ. ಎರಡು ತಿಂಗಳಿಂದ ಉದ್ದನೆಯ ಕಂದು ಹಾವೊಂದು ಹಾಡುಹಗಲೇ ಅಲ್ಲಿ ಓಡಾಡುತ್ತದೆ. ನನಗಿಂತ ಉದ್ದ ಇದೆ ಅನಿಸುತ್ತದೆ. ನೋಡಿದವರಲ್ಲಿ ಒಬ್ಬರು ಕೇರೆ ಅಂದರು, ಇನ್ನೊಬ್ಬರು ನಾಗರ ಅಂದರು. ಮಾವ ಹೊಡೆದು ಹಾಕೋಣ ಅಂತಾರೆ. ನಮ್ಮ ಮನೆಯವರು ಹಿಡಿಸಿ ದೂರ ಬಿಡಿಸೋಣ ಅಂತಾರೆ. ನನಗೆ ಎರಡಕ್ಕೂ ಮನಸ್ಸಿಲ್ಲ. ಅದರ ಪಾಡಿಗೆ ಬಿಟ್ಟರೆ ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ಮೊದಲು ಅದು ಯಾವ ಹಾವು ಅಂತ ಗಟ್ಟಿಯಾಗಬೇಕು. ನೀವು ಬರೆದಿರುವುದನ್ನು ನೋಡಿದರೆ ಕೇರೆಯೇ ಇರಬೇಕು. ನಾಗರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಬೆಳೆಯುತ್ತದೆ, ಕೇರೆ ಎರಡು ಮೀಟರ್ ದಾಟುವುದೂ ಉಂಟು. ಕೇರೆಯ ಕಣ್ಣು ದೊಡ್ಡದು, ತಲೆಗಿಂತ ಕತ್ತು ಸಣ್ಣ, ಬಾಯಿಯ ಅಂಚಿನಲ್ಲಿ ಕಪ್ಪು ಗೆರೆಗಳು ಇರುತ್ತವೆ. ಜನ ಕಂಡರೆ ಸರ್ರನೆ ಓಡುತ್ತದೆ. ನಾಗರದ ತಲೆಯೂ ಕತ್ತೂ ಹೆಚ್ಚುಕಮ್ಮಿ ಒಂದೇ ಅಗಲ. ಹೆಡೆ ಎತ್ತಲಿಲ್ಲ, ಹಾಗಾಗಿ ನಾಗರ ಅಲ್ಲ ಅಂತ ಮಾತ್ರ ತೀರ್ಮಾನ ಮಾಡಬೇಡಿ, ಯಾಕಂದರೆ ಹೆದರದೆ ಸುಮ್ಮನೆ ಹರಿದು ಹೋಗುವ ನಾಗರ ಹೆಡೆ ಬಿಚ್ಚುವುದೇ ಇಲ್ಲ. ಕೇರೆಯೂ ಮೂಲೆಗೆ ಸಿಕ್ಕಿಬಿದ್ದರೆ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ, ಅದನ್ನು ನೋಡಿಯೇ ಜನ ನಾಗರ ಅಂದುಕೊಳ್ಳುತ್ತಾರೆ. ದೂರದಿಂದ ಜೂಮ್ ಮಾಡಿ ಒಂದು ಫೋಟೋ ತೆಗೆದು ಹಾವು ಬಲ್ಲವರಿಗೆ ತೋರಿಸಿ. ಫೋಟೋಗಾಗಿ ಹತ್ತಿರ ಹೋಗಬೇಡಿ.

ಕೇರೆ ಅಂತಲೇ ಆದರೆ ಅದಕ್ಕೆ ವಿಷ ಇಲ್ಲ. ಹಿಡಿಯಲು ಹೋದರೆ ಕಚ್ಚುತ್ತದೆ, ಗಾಯವಾಗುತ್ತದೆ, ಅಷ್ಟೇ. ಅದು ನಿಮ್ಮ ಸೌದೆ ಹತ್ತಿರ ಬರುವುದು ಇಲಿಗಾಗಿ. ಬೆಕ್ಕು ಬಿಲದ ಬಾಯಲ್ಲಿ ಕಾದು ಕೂತುಕೊಳ್ಳಬೇಕು, ಹಾವು ಬಿಲದ ಒಳಗೇ ಇಳಿಯುತ್ತದೆ, ಕಣ್ಣು ಬಿಡದ ಮರಿಗಳನ್ನೂ ಬಿಡುವುದಿಲ್ಲ. ಇಲಿಗಳಿಂದ ಇಲಿಜ್ವರ ಹರಡುತ್ತದೆ, ಕಾಳು ಹಾಳಾಗುತ್ತದೆ, ವೈರ್ ಕಡಿದು ಹೋಗುತ್ತದೆ. ಕೇರೆ ಒಂದು ಪೈಸೆ ಕೇಳದೆ ಆ ಕೆಲಸ ಮಾಡಿಕೊಡುತ್ತಿದೆ ಅಂತ ಮಾವನವರಿಗೆ ಹೇಳಿ ನೋಡಿ. ಹೊಡೆಯಲು ಹೋಗುವವರಿಗೆ ಇನ್ನೊಂದು ಅಪಾಯ ಇದೆ. ಅದು ಕೇರೆ ಅಲ್ಲ ಅಂತ ಗೊತ್ತಾಗುವುದು ಕೋಲು ಎತ್ತಿ ಹತ್ತಿರ ಹೋದ ಮೇಲೆ.

ಇನ್ನು ದೂರ ಬಿಡಿಸುವ ವಿಚಾರ. ಇದನ್ನು ಒಳ್ಳೆಯ ಮನಸ್ಸಿನವರೇ ಜಾಸ್ತಿ ಮಾಡುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾವಿಗೆ ತನ್ನ ಜಾಗ ಗೊತ್ತಿರುತ್ತದೆ. ಯಾವ ಬಿಲದಲ್ಲಿ ತಣ್ಣಗಿರುತ್ತದೆ, ಎಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ನೀರು ಎಲ್ಲಿ, ಅಪಾಯ ಬಂದರೆ ಯಾವ ಸಂದಿಗೆ ನುಗ್ಗಬೇಕು, ಇದೆಲ್ಲ. ಚೀಲದಲ್ಲಿ ತುಂಬಿ ಹತ್ತಾರು ಕಿಲೋಮೀಟರ್ ಆಚೆ ಬಿಟ್ಟರೆ ಅದಕ್ಕೆ ಏನೂ ಗೊತ್ತಿರದ ಊರು ಅದು. ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಹಾವುಗಳ ಹಿಂದೆ ಹೋದ ಸಂಶೋಧಕರು ಇದನ್ನು ಹಲವು ಜಾತಿಗಳಲ್ಲಿ ಕಂಡಿದ್ದಾರೆ. ದೂರ ಬಿಟ್ಟ ಹಾವು ಗೊತ್ತುಗುರಿ ಇಲ್ಲದೆ ಅಲೆಯುತ್ತದೆ, ರಸ್ತೆ ದಾಟುತ್ತದೆ, ಸಾಯುವುದು ಜಾಸ್ತಿ. ಕಾಡಿಗೆ ಬಿಟ್ಟು ಬಂದೆವು ಅಂತ ನಮಗೆ ಸಮಾಧಾನ, ಅದರ ಪಾಡು ಯಾರೂ ನೋಡಿರುವುದಿಲ್ಲ. ನಿಮ್ಮ ಇಲಿಗಳು ಮಾತ್ರ ಅಲ್ಲೇ ಇರುತ್ತವೆ. ಇಲಿ ಇದ್ದಲ್ಲಿಗೆ ಇನ್ನೊಂದು ಹಾವು ಬಂದೇ ಬರುತ್ತದೆ, ಅದು ಯಾವ ಹಾವು ಅಂತ ನೀವು ಆರಿಸಿಕೊಳ್ಳಲು ಆಗುವುದಿಲ್ಲ ಅಲ್ವಾ? ವಿಷದ ಹಾವು ಮನೆಯೊಳಗೇ ಬಂದುಬಿಟ್ಟರೆ ಹಿಡಿಸಲೇಬೇಕು, ಬೇರೆ ದಾರಿ ಇಲ್ಲ. ಆಗಲೂ ಆದಷ್ಟು ಹತ್ತಿರದಲ್ಲಿ, ಮನೆಗಳಿಲ್ಲದ ಕಡೆ ಬಿಡಿ ಅಂತ ಕೇಳಿಕೊಳ್ಳಿ.

ಕೇರೆ ಇದ್ದರೆ ನಾಗರ ಬರುವುದಿಲ್ಲ ಅನ್ನುವ ಮಾತನ್ನು ನಂಬಿ ಕೂರಬೇಡಿ. ಕೇರೆ ಯಾವ ಹಾವನ್ನೂ ಕಾವಲು ನಿಂತು ಓಡಿಸುವುದಿಲ್ಲ. ಎಚ್ಚರ ನಿಮ್ಮದೇ. ಸೌದೆಯನ್ನು ಗೋಡೆಗೆ ಒತ್ತಿ ಇಡಬೇಡಿ, ನೆಲದಿಂದ ಒಂದಡಿ ಎತ್ತರದಲ್ಲಿ ಅಟ್ಟಣೆ ಮಾಡಿ ಅದರ ಮೇಲೆ ಇಡಿ, ಮನೆಯಿಂದ ಸ್ವಲ್ಪ ದೂರ ಆದರೆ ಇನ್ನೂ ಒಳ್ಳೆಯದು. ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ಬಡಿದು, ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ಕೈ ಎಲ್ಲಿ ಹಾಕುತ್ತೇವೆ ಅನ್ನುವುದು ಕಣ್ಣಿಗೆ ಕಾಣಬೇಕು, ಹಾವಿರುವ ಕಡೆ ಬದುಕುವವರು ಕಲಿಯಬೇಕಾದ ಮೊದಲ ಅಭ್ಯಾಸ ಇದು. ನಾಯಿಗೆ ಹಾಕಿದ ಊಟ ರಾತ್ರಿಯಿಡೀ ಹೊರಗೆ ಬಿದ್ದಿರಬಾರದು, ಕಾಳುಕಡಿ ಮುಚ್ಚಳ ಇರುವ ಡಬ್ಬಿಯಲ್ಲಿರಲಿ. ಮನೆಯ ಹೊರಗಿನ ದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಅದಕ್ಕೆ ಹುಳ ಬರುತ್ತವೆ, ಹುಳಕ್ಕೆ ಕಪ್ಪೆ ಮತ್ತು ಹಲ್ಲಿ, ಕಪ್ಪೆ ಹಲ್ಲಿಗೆ ಹಾವು. ಬೇಕಾದಾಗ ಹಾಕಿ, ಕೆಲಸ ಮುಗಿದ ಮೇಲೆ ಆರಿಸಿ. ಇಷ್ಟು ಮಾಡಿದರೆ ಕೇರೆ ಬರುವುದು ತಾನಾಗಿಯೇ ಕಮ್ಮಿಯಾಗಬಹುದು. ಆಗ ನಿಮಗೆ ಸ್ವಲ್ಪ ಬೇಜಾರಾದರೂ ಆದೀತು. ನಮ್ಮ ಹಿತ್ತಿಲಿನ ಕೇರೆ ಒಂದು ಮಳೆಗಾಲ ಕಾಣದೇ ಹೋದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು.

ಪ್ರಶ್ನೆ: ಬಚ್ಚಲಿನಲ್ಲಿ ಎರೆಹುಳದ ಹಾಗಿರುವ, ಕಪ್ಪಗೆ ಮಿಂಚುವ ಸಣ್ಣ ಹುಳಗಳು ಬರುತ್ತಿವೆ. ಹತ್ತಿರದಿಂದ ನೋಡಿದರೆ ನಾಲಿಗೆ ಚಾಚುತ್ತದೆ! ಇವು ನಾಗರದ ಮರಿಗಳಾ? ತಾಯಿ ಹಾವು ಪೈಪಿನೊಳಗೆ ಇದೆಯಾ?

ಉತ್ತರ: ಗಾಬರಿ ಬೇಡ. ಅದು ಹುಳಹಾವು, ಕೆಲವರು ಕುರುಡು ಹಾವು ಅಂತಾರೆ. ಪೂರ್ತಿ ಬೆಳೆದರೂ ಒಂದು ಗೇಣು ದಾಟುವುದು ಅಪರೂಪ. ಕಣ್ಣು ಚುಕ್ಕಿಯಷ್ಟೇ, ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ವಿಷ ಇಲ್ಲ, ನಿಮ್ಮನ್ನು ಕಚ್ಚುವಷ್ಟು ಬಾಯಿಯೂ ಇಲ್ಲ. ಮಣ್ಣಿನೊಳಗೆ ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿ ತಿಂದು ಬದುಕುತ್ತದೆ. ಎರೆಹುಳದ ಮೈಯಲ್ಲಿ ಉಂಗುರ ಉಂಗುರ ಇರುತ್ತದೆ, ಇದರ ಮೈಯಲ್ಲಿ ನುಣುಪಾದ ಹುರುಪೆ. ನೆಲ ನೆಂದು ಬಿಲಕ್ಕೆ ನೀರು ನುಗ್ಗಿದಾಗ ಮೇಲೆ ಬಂದು, ಬಚ್ಚಲ ಕಿಂಡಿಯಲ್ಲಿ ತೂರಿ ಬರುತ್ತದೆ.

ಈ ಪುಟ್ಟ ಹಾವಿನದು ಒಂದು ಬೆರಗಿನ ಕಥೆ. ಇದರಲ್ಲಿ ಗಂಡೇ ಇಲ್ಲ. ಇರುವುದೆಲ್ಲ ಹೆಣ್ಣು, ಗಂಡಿನ ನೆರವಿಲ್ಲದೆ ಮೊಟ್ಟೆ ಇಡುತ್ತವೆ, ಮರಿಗಳೂ ಹೆಣ್ಣೇ. ಹಾಗಾಗಿ ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಸೇರಿಕೊಂಡು ಹಡಗು ಹತ್ತಿದರೂ ಸಾಕು, ಹೊಸ ದೇಶದಲ್ಲಿ ಸಂಸಾರ ಶುರು. ಹೀಗೇ ಇದು ಪ್ರಪಂಚದ ಬಹಳಷ್ಟು ಬೆಚ್ಚನೆಯ ಜಾಗಗಳಿಗೆ ಹರಡಿದೆ. ಒಂದು ಕಾಗದದ ಮೇಲೆ ಎತ್ತಿಕೊಂಡು ಗಿಡದ ಬುಡದ ಒದ್ದೆ ಮಣ್ಣಿಗೆ ಬಿಡಿ. ಉಪ್ಪು, ಬಿಸಿನೀರು, ಆಸಿಡ್ ಯಾವುದನ್ನೂ ಸುರಿಯಬೇಡಿ ದಯವಿಟ್ಟು.

ಒಂದು ಎಚ್ಚರ. ಪೆನ್ಸಿಲ್ ಗಾತ್ರದ ಹಾವಿನಲ್ಲಿ ತಲೆ ಮತ್ತು ಕಣ್ಣು ಸ್ಪಷ್ಟವಾಗಿ ಕಂಡರೆ, ಪಟ್ಟಿ ಅಥವಾ ಮಚ್ಚೆ ಇದ್ದರೆ, ಅದು ಹುಳಹಾವಲ್ಲ. ಅದನ್ನು ಮುಟ್ಟಬೇಡಿ.

ಪ್ರಶ್ನೆ: ಮನೆ ಸುತ್ತ ನುಸಿಗುಳಿಗೆ, ಗಂಧಕದ ಪುಡಿ, ಬೆಳ್ಳುಳ್ಳಿ ರಸ, ಫಿನಾಯಿಲ್, ಎಲ್ಲ ಹಾಕಿದ್ದೇವೆ. ಯಾವುದು ಒಳ್ಳೆಯದು? ಕಾರ್ಬಾಲಿಕ್ ಆಸಿಡ್ ತಂದು ಇಡಲಾ?

ಉತ್ತರ: ಯಾವುದೂ ಬೇಡ. ನುಸಿಗುಳಿಗೆ ಮತ್ತು ಗಂಧಕವನ್ನು ಹಾವಿನ ಮುಂದಿಟ್ಟು ಪರೀಕ್ಷೆ ಮಾಡಿ ನೋಡಿದ್ದಾರೆ, ಅವು ಹಾವನ್ನು ತಡೆಯಲಿಲ್ಲ. ಕಾರ್ಬಾಲಿಕ್ ಆಸಿಡ್ ಚರ್ಮ ಸುಡುತ್ತದೆ, ಮಕ್ಕಳೋ ನಾಯಿಯೋ ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ನುಸಿಗುಳಿಗೆಯನ್ನು ಮಕ್ಕಳು ಮಿಠಾಯಿ ಅಂದುಕೊಂಡು ನುಂಗುತ್ತಾರೆ, ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಹಾವಿನ ಭಯಕ್ಕೆ ಮನೆಯೊಳಗೆ ಬೇರೆ ವಿಷ ತಂದಿಟ್ಟುಕೊಂಡ ಹಾಗೆ. ಇನ್ನೂ ಕೆಟ್ಟದ್ದು ಏನೆಂದರೆ, ಏನೋ ಹಾಕಿದ್ದೇವೆ ಅನ್ನುವ ಧೈರ್ಯದಲ್ಲಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಕಾಲಿಡುತ್ತೇವೆ.

ಅದೇ ಹಣದಲ್ಲಿ ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲ ನೀರು ಹೋಗುವ ಕಡೆ, ಗಾಳಿ ಕಿಂಡಿಗೆ, ಪೈಪು ಗೋಡೆ ಸೇರುವ ಕಡೆ ತಂತಿಬಲೆ ಹಾಕಿಸಿ. ಬಲೆಯ ಕಣ್ಣು 6 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು, ಯಾಕಂದರೆ ಮರಿ ಹಾವಿಗೆ ಬೆರಳಿನಷ್ಟು ಸಂದಿ ಧಾರಾಳವಾಯಿತು. ಮಾಡಿಗೆ ತಾಗುವ ಕೊಂಬೆ ಸವರಿ. ಹಳೇ ಹಂಚು, ಇಟ್ಟಿಗೆ, ಮುರಿದ ಬಕೆಟ್ಟು ಗೋಡೆ ಪಕ್ಕ ರಾಶಿ ಬಿದ್ದಿದ್ದರೆ ಅದು ಇಲಿಗೂ ಮನೆ, ಹಾವಿಗೂ ಮನೆ. ತೆಗೆಯುವಾಗ ಗಮ್ ಬೂಟು, ದಪ್ಪ ಗ್ಲೌಸ್ ಹಾಕಿಕೊಳ್ಳಿ, ಹಗಲಿನಲ್ಲೇ ತೆಗೆಯಿರಿ.

ಪ್ರಶ್ನೆ: ಮೊನ್ನೆ ಅಡುಗೆಮನೆಗೆ ಹಾವು ಬಂತು. ಎಲ್ಲರೂ ಕಿರುಚಾಡಿದೆವು. ಅದು ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. ಮೂರು ದಿನ ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ. ಇನ್ನೊಮ್ಮೆ ಬಂದರೆ ಏನು ಮಾಡಬೇಕು?

ಉತ್ತರ: ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಆಗ ಪೊರಕೆ ತರಲು ಓಡಿದೆ, ತಿರುಗಿ ಬರುವಷ್ಟರಲ್ಲಿ ಹಾವು ಇರಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಫ್ರಿಜ್ ಹಿಂದಿನ ಬೆಚ್ಚನೆಯ ಜಾಗದಲ್ಲಿ ಸಿಕ್ಕಿತು. ಅವತ್ತು ಕಲಿತದ್ದು ಇಷ್ಟು: ಹಾವು ಕಂಡ ಕೂಡಲೇ ಒಬ್ಬರು ಅದರ ಮೇಲಿನ ಕಣ್ಣು ತೆಗೆಯಬಾರದು. ದೂರ ನಿಂತು ನೋಡುತ್ತಿರಬೇಕು, ಹಾವಿನ ಉದ್ದದ ಎರಡು ಪಟ್ಟಾದರೂ ದೂರ. ಉಳಿದವರು ಮಕ್ಕಳು, ನಾಯಿ, ಬೆಕ್ಕನ್ನು ಆಚೆ ಕರೆದುಕೊಂಡು ಹೋಗಲಿ. ಬೇರೆ ಕೋಣೆಗಳ ಬಾಗಿಲು ಹಾಕಿ, ಬಾಗಿಲಿನ ಕೆಳಗೆ ಬಟ್ಟೆ ತುರುಕಿ. ಹೊರಗಿನ ಬಾಗಿಲು ತೆರೆದಿಡಿ. ಬಹಳ ಸಲ ಅದೇ ದಾರಿಯಲ್ಲಿ ತಾನಾಗಿ ಹೊರಟು ಹೋಗುತ್ತದೆ. ಹೋಗದಿದ್ದರೆ ಹಾವು ಹಿಡಿಯುವವರನ್ನು ಕರೆಸಿ. ಅವರ ನಂಬರ್ ಇವತ್ತೇ ಹುಡುಕಿ ಗೋಡೆ ಮೇಲೆ ಬರೆದಿಡಿ, ಹಾವು ಬಂದ ಮೇಲೆ ಹುಡುಕುವುದು ಕಷ್ಟ.

ಕರೆಸುವವರ ಬಗ್ಗೆಯೂ ಒಂದು ಮಾತು. ಒಳ್ಳೆಯವರು ಕೊಕ್ಕೆಕೋಲು ಮತ್ತು ಚೀಲ ತರುತ್ತಾರೆ, ಜನರನ್ನು ದೂರ ನಿಲ್ಲಿಸುತ್ತಾರೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಹಾವನ್ನು ಬಾಲ ಹಿಡಿದು ಆಡಿಸುವವರು, ಮುತ್ತು ಕೊಡುವವರು, ವಿಡಿಯೊ ಮಾಡಿಸಿಕೊಳ್ಳುವವರು ಬಂದರೆ ನೀವೇ ಬೇಡ ಅನ್ನಿ. ಹಾಗೆ ಆಡಿಸಲು ಹೋಗಿ ಕಚ್ಚಿಸಿಕೊಂಡು ಜೀವ ಕಳೆದುಕೊಂಡವರಿದ್ದಾರೆ. ನೋಡಿ ಕಲಿಯುವ ಮಕ್ಕಳು ಎದುರಿಗೇ ನಿಂತಿರುತ್ತಾರೆ.

ಪ್ರಶ್ನೆ: ಅಕ್ಕಾ, ನಮ್ಮ ಹಾಸ್ಟೆಲ್ ಗೋಡೆ ಮೇಲೆ ಕಂದು ಮೈಗೆ ಬಿಳಿ ಪಟ್ಟಿ ಇರುವ ತೆಳ್ಳನೆಯ ಹಾವು ಸಿಕ್ಕಿತು. ಕಟ್ಟುಹಾವು ಅಂತ ಹೊಡೆದು ಹಾಕಿದರು. ಆಮೇಲೆ ಯಾರೋ ಅದು ತೋಳಹಾವು, ವಿಷ ಇಲ್ಲ ಅಂದರು. ವ್ಯತ್ಯಾಸ ಹೇಗೆ? ನಾವು ನೆಲದ ಮೇಲೇ ಮಲಗುವುದು. ತುಂಬಾ ಹೆದರಿಕೆಯಾಗಿದೆ.

ಉತ್ತರ: ಗೋಡೆ ಹತ್ತಿತ್ತು ಅಂದರೆ ತೋಳಹಾವೇ ಇರಬಹುದು. ಅದು ಹಲ್ಲಿ ಹಿಡಿಯಲು ಒರಟು ಗೋಡೆ, ಕಿಟಕಿ ಎಲ್ಲ ಸಲೀಸಾಗಿ ಹತ್ತುತ್ತದೆ. ತೋಳಹಾವಿನ ಪಟ್ಟಿ ಕತ್ತಿನ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸಿ ಹೋಗುತ್ತದೆ. ಕಟ್ಟುಹಾವಿನ (ಕೆಲವು ಕಡೆ ಕಡಂಬಳ ಅಂತಾರೆ) ಮೈ ಮಿಂಚುವ ಕಪ್ಪು, ಪಟ್ಟಿಗಳು ತಲೆಯಿಂದ ಸ್ವಲ್ಪ ಹಿಂದೆ ಶುರುವಾಗುತ್ತವೆ, ಸಾಮಾನ್ಯವಾಗಿ ಜೋಡಿ ಜೋಡಿಯಾಗಿ, ಬಾಲದ ತುದಿಯವರೆಗೂ ಇರುತ್ತವೆ. ಬೆನ್ನಿನ ನಡುಗೆರೆಯಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲಿರುತ್ತದೆ. ಆದರೆ ಇದನ್ನೆಲ್ಲ ರಾತ್ರಿ ಹೊತ್ತು, ಹೆದರಿದ ಕಣ್ಣಲ್ಲಿ ನೋಡಿ ನಿರ್ಧಾರ ಮಾಡಲು ಹೋಗಬೇಡಿ. ಪಟ್ಟಿ ಇರುವ ಹಾವು ಯಾವುದೇ ಇರಲಿ, ಕಟ್ಟುಹಾವು ಅಂತಲೇ ಎಣಿಸಿ ದೂರ ನಿಲ್ಲಿ. ಹೊಡೆಯಬೇಕು ಅಂತ ಮಾತ್ರ ಇಲ್ಲ.

ನಿಮ್ಮ ಹೆದರಿಕೆಗೆ ಕಾರಣ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕಟ್ಟುಹಾವು ಹಗಲಿನಲ್ಲಿ ತುಂಬಾ ಸಂಕೋಚದ ಹಾವು. ಕತ್ತಲಾದ ಮೇಲೆ ಇಲಿಗಳನ್ನೂ ಬೇರೆ ಹಾವುಗಳನ್ನೂ ಹುಡುಕುತ್ತಾ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿ ಹೊರಳಿ ಅದರ ಮೇಲೆ ಬಿದ್ದಾಗ ಕಚ್ಚುತ್ತದೆ. ನೋವು ಹೆಚ್ಚಿಗೆ ಇರುವುದಿಲ್ಲ. ಗಾಯ ಕಾಣದೇ ಇರಬಹುದು. ಎಚ್ಚರವೇ ಆಗದೆ, ಬೆಳಗ್ಗೆ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ರೆಪ್ಪೆ ಭಾರವಾಗಿ ಮುಚ್ಚಿಕೊಳ್ಳುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೆಲದ ಮೇಲೆ ಮಲಗಿ ಎದ್ದವರಿಗೆ ಕಾರಣವಿಲ್ಲದೆ ಹೀಗಾದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಾಯಬೇಡಿ. ಹಾವು ಕಾಣದಿದ್ದರೂ ಆಸ್ಪತ್ರೆಗೆ ಹೋಗಿ.

ತಡೆಯುವುದು ಮಾತ್ರ ತುಂಬಾ ಸುಲಭ, ಅದೇ ಸಮಾಧಾನ. ಮಂಚ ಇದ್ದರೆ ಮಂಚ. ಇಲ್ಲದಿದ್ದರೆ ಸೊಳ್ಳೆಪರದೆ. ಅದರ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ. ಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಕಮ್ಮಿ ಅಂತ ಅಧ್ಯಯನಗಳೂ ಹೇಳಿವೆ. ತಲೆದಿಂಬಿನ ಹತ್ತಿರ ಟಾರ್ಚ್ ಇಟ್ಟುಕೊಳ್ಳಿ, ಕಾಲು ಕೆಳಗಿಡುವ ಮೊದಲು ಬೆಳಕು ಬಿಡಿ. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಹಾಸ್ಟೆಲಿನ ಗೆಳೆಯರಿಗೆಲ್ಲ ಇದನ್ನು ಹೇಳಿ ತಂಗಿ, ಒಬ್ಬಿಬ್ಬರು ಪರದೆ ಕಟ್ಟಿದರೆ ಉಳಿದವರೂ ಕಟ್ಟುತ್ತಾರೆ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರಿಗೆ ಗದ್ದೆ ಬದುವಿನಲ್ಲಿ ಹಾವು ಕಚ್ಚಿತು. ಜೊತೆಯಲ್ಲಿದ್ದವರು ಕಾಲಿಗೆ ಹಗ್ಗ ಬಿಗಿದು, ಬ್ಲೇಡಿನಿಂದ ಕೊಯ್ದು ರಕ್ತ ತೆಗೆದರು. ಆಮೇಲೆ ಔಷಧಿ ಹಾಕುವವರ ಹತ್ತಿರ ಹೋಗಿ, ಸಂಜೆಗೆ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಕಾಲಿನ ಎರಡು ಬೆರಳು ಹೋದವು. ಹಗ್ಗ ಕಟ್ಟಿದ್ದಕ್ಕೇ ಉಳಿದರು ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಉತ್ತರ: ಅವರು ಉಳಿದದ್ದು ಆಸ್ಪತ್ರೆಗೆ ಹೋಗಿದ್ದರಿಂದ. ಬೆರಳು ಹೋಗಿದ್ದರಲ್ಲಿ ವಿಷದ ಪಾಲು ಎಷ್ಟು, ಹಗ್ಗದ ಪಾಲು ಎಷ್ಟು ಅಂತ ನೋಡಿದ ವೈದ್ಯರೇ ಹೇಳಬೇಕು. ಆದರೆ ಬಿಗಿಯಾಗಿ ಕಟ್ಟಿದರೆ ಕೆಳಗಿನ ಭಾಗಕ್ಕೆ ರಕ್ತ ಹೋಗುವುದಿಲ್ಲ, ಕೊಳಕುಮಂಡಲದಂಥ ಹಾವಿನ ವಿಷ ಮೊದಲೇ ಮಾಂಸವನ್ನು ಕೊಲ್ಲುತ್ತಿರುತ್ತದೆ, ಎರಡೂ ಸೇರಿದರೆ ಕೈಕಾಲು ಉಳಿಯುವುದು ಕಷ್ಟ. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಅಂಥ ಹೊತ್ತಲ್ಲಿ ಬ್ಲೇಡಿನಿಂದ ಕೊಯ್ದರೆ ರಕ್ತ ನಿಲ್ಲುವುದೇ ಇಲ್ಲ. ಬಾಯಿಂದ ಹೀರುವುದು, ಐಸ್ ಇಡುವುದು, ಸೊಪ್ಪಿನ ರಸ ಹಚ್ಚುವುದು, ಯಾವುದರಿಂದಲೂ ವಿಷ ಹೊರಗೆ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಹೊತ್ತು ಹೋಗಿದ್ದು. ನಿಮ್ಮವರು ಬೆಳಗ್ಗೆಯಿಂದ ಸಂಜೆವರೆಗೆ ಕಳೆದುಕೊಂಡದ್ದು ಅದನ್ನೇ, ಓದಿ ಸಂಕಟವಾಯಿತು. ಔಷಧಿ ಕೊಡುವವರ ಹತ್ತಿರ ಹೋದ ಎಷ್ಟೋ ಜನ ಉಳಿಯುತ್ತಾರಲ್ಲ ಅಂತ ಕೇಳಬಹುದು. ಕಚ್ಚಿದ ಹಾವಿಗೆ ವಿಷವೇ ಇಲ್ಲದಿರಬಹುದು, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಎಲ್ಲಿ ಹೋಗಿದ್ದರೂ ಉಳಿಯುತ್ತಿದ್ದರು.

ಕಚ್ಚಿದ ಕೂಡಲೇ ಮಾಡಬೇಕಾದದ್ದು ಕಮ್ಮಿ, ಆದರೆ ಅದನ್ನು ಮಾಡಲೇಬೇಕು. ಹಾವಿನಿಂದ ದೂರ ಬನ್ನಿ. ಉಂಗುರ, ಬಳೆ, ಕಾಲ್ಗೆಜ್ಜೆ, ಬಿಗಿ ಬಟ್ಟೆ ತೆಗೆಯಿರಿ, ಆಮೇಲೆ ಊತ ಬರುತ್ತದೆ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಒಂದು ಹಲಗೆ ಇಟ್ಟು ಸಡಿಲವಾಗಿ ಕಟ್ಟಿ, ಅಲ್ಲಾಡಿಸಬೇಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಾಂತಿ ಬಂದರೆ ಮಗ್ಗುಲಿಗೆ ಮಲಗಿಸಿ. ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧಿ) ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ತಿಳಿದಿಟ್ಟುಕೊಂಡು ನೇರ ಅಲ್ಲಿಗೇ ಹೋಗಿ. ಹಾವನ್ನು ಹಿಡಿದು ಒಯ್ಯುವ ಅಗತ್ಯ ಇಲ್ಲ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕರ ವಿಷಕ್ಕೂ ಒಂದೇ. ಬೇಕೋ ಬೇಡವೋ ಅಂತ ವೈದ್ಯರು ಲಕ್ಷಣ ನೋಡಿ, ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದಾ ನೋಡಿ ತೀರ್ಮಾನ ಮಾಡುತ್ತಾರೆ. ಏನೂ ಆಗಿಲ್ಲ ಅನಿಸಿದರೂ 24 ಗಂಟೆ ಅಲ್ಲೇ ಇರಿಸಿಕೊಳ್ಳುತ್ತಾರೆ, ಬೇಗ ಕಳಿಸಿ ಅಂತ ಜಗಳ ಮಾಡಬೇಡಿ.

ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ, 81 ಸಾವಿರದಿಂದ 1 ಲಕ್ಷ 38 ಸಾವಿರ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೈಕಾಲು ಕಳೆದುಕೊಳ್ಳುವವರು, ಶಾಶ್ವತ ಊನವಾಗುವವರು ಅದರ ಸುಮಾರು ಮೂರು ಪಟ್ಟು. ಹೆಚ್ಚಿನವರು ಹೊಲಗದ್ದೆಯಲ್ಲಿ ದುಡಿಯುವವರು ಮತ್ತು ಮಕ್ಕಳು. 2017ರಲ್ಲಿ ಆ ಸಂಸ್ಥೆ ಹಾವು ಕಡಿತವನ್ನು ಜಗತ್ತು ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಂಟಿವೆನಮ್ ಕಂಡುಹಿಡಿದದ್ದು 1890ರ ದಶಕದಲ್ಲಿ. ಔಷಧಿ ಬಂದು ಇಷ್ಟು ಕಾಲವಾದರೂ ಜನ ಹಗ್ಗ ಹುಡುಕುತ್ತಾ ಹೊತ್ತು ಕಳೆಯುತ್ತಾರೆ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಪ್ರಶ್ನೆ: ಕೇರೆಯೂ ನಾಗರವೂ ಹೆಣೆದುಕೊಂಡು ಎದ್ದು ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಒಂದನ್ನು ಕೊಂದರೆ ಜೋಡಿ ಹಾವು ಸೇಡು ತೀರಿಸಿಕೊಳ್ಳಲು ಬರುತ್ತದಂತೆ, ಹೌದಾ?

ಉತ್ತರ: ನೀವು ಕಂಡದ್ದು ಎರಡು ಗಂಡು ಕೇರೆಗಳ ಕುಸ್ತಿ. ಹೆಣ್ಣಿಗಾಗಿ ಒಂದನ್ನೊಂದು ನೆಲಕ್ಕೆ ಒತ್ತುತ್ತವೆ, ಕಚ್ಚಿ ಸಾಯಿಸುವುದಿಲ್ಲ, ಸೋತದ್ದು ಹೊರಟು ಹೋಗುತ್ತದೆ. ಒಂದರ ಬಣ್ಣ ಹಳದಿ, ಇನ್ನೊಂದರದು ಕಂದು ಇದ್ದರೆ ಬೇರೆ ಜಾತಿ ಅನಿಸುತ್ತದೆ. ಕೇರೆ, ನಾಗರ ಕೂಡುವುದಿಲ್ಲ. ಸೇಡಿನ ಮಾತೂ ನಿಜವಲ್ಲ. ಮುಖ ನೆನಪಿಟ್ಟುಕೊಂಡು ಹುಡುಕಿ ಬರುವ ಶಕ್ತಿ ಹಾವಿಗಿಲ್ಲ. ಅದೇ ಜಾಗಕ್ಕೆ ಇನ್ನೊಂದು ಬಂದರೆ ಅದು ಬಂದದ್ದು ಅದೇ ಇಲಿಗಳಿಗೆ.

ಪ್ರಶ್ನೆ: ತರಕಾರಿ ಮಡಿಗೆ ಹಾಕಿದ ನೈಲಾನ್ ಬಲೆಯಲ್ಲಿ ಹಾವು ಸಿಕ್ಕಿಕೊಂಡಿತ್ತು. ಬಿಡಿಸಲು ಹೆದರಿಕೆಯಾಗಿ ನೋಡುತ್ತಾ ನಿಂತೆವು, ಬಿಸಿಲಿಗೆ ಸತ್ತೇ ಹೋಯಿತು. ಮುಂದೆ ಹೀಗಾದರೆ?

ಉತ್ತರ: ನೀವು ಕೈ ಹಾಕದೇ ಇದ್ದದ್ದು ಸರಿ. ಹಾವು ನುಗ್ಗಿದಷ್ಟೂ ದಾರ ಹುರುಪೆಯೊಳಗೆ ಕೊರೆಯುತ್ತದೆ, ನೋವಿನಲ್ಲಿರುವ ಹಾವು ಕಚ್ಚುತ್ತದೆ. ದೂರದಿಂದ ಒಂದು ಗೋಣಿಚೀಲವನ್ನೋ ಬಟ್ಟೆಯನ್ನೋ ಕೋಲಿನಿಂದ ಅದರ ಮೇಲೆ ಹೊದಿಸಿ. ನೆರಳಾಗುತ್ತದೆ, ಕತ್ತಲಾದರೆ ಹಾವು ಒದ್ದಾಡುವುದೂ ಕಮ್ಮಿ. ಆಮೇಲೆ ಹಾವು ಹಿಡಿಯುವವರನ್ನು ಕರೆಸಿ, ಬಿಡಿಸುವ ಕೆಲಸ ಅವರದು. ಬಲೆ ಹಾಕಲೇಬೇಕು ಅಂದರೆ ನೆಲಕ್ಕೆ ರಾಶಿ ಬೀಳದ ಹಾಗೆ ಬಿಗಿಯಾಗಿ ಎಳೆದು ಕಟ್ಟಿ, ಬೆಳೆ ಮುಗಿದ ಮೇಲೆ ಸುತ್ತಿ ಎತ್ತಿಡಿ. ಇಲಿಗೆ ಇಡುವ ಅಂಟಿನ ಹಲಗೆಯಲ್ಲೂ ಹಾವುಗಳು ಹೀಗೇ ಒದ್ದಾಡಿ ಸಾಯುತ್ತವೆ, ಅದನ್ನು ದಯವಿಟ್ಟು ಹೊರಗೆ ಇಡಬೇಡಿ.

ಪ್ರಶ್ನೆ: ನನ್ನ ಏಳು ವರ್ಷದ ಮಗಳಿಗೆ ಹಾವು ಅಂದರೆ ಭಯವೇ ಇಲ್ಲ. ಕಂಡರೆ ನೋಡಲು ಓಡುತ್ತಾಳೆ. ಹೆದರಿಸಿ ಇಡುವುದಾ, ಬೇಡವಾ?

ಉತ್ತರ: ಹೆದರಿಸಬೇಡಿ. ಹೆದರಿದ ಮಗು ಹಾವು ಕಂಡರೆ ಕಣ್ಣು ಮುಚ್ಚಿ ಓಡುತ್ತದೆ, ಇಲ್ಲವೇ ಕಲ್ಲು ಎಸೆಯುತ್ತದೆ, ಎರಡೂ ಒಳ್ಳೆಯದಲ್ಲ. ಮೂರು ಮಾತು ಕಲಿಸಿ: ನಿಲ್ಲು, ಹಿಂದೆ ಹೆಜ್ಜೆ ಇಡು, ದೊಡ್ಡವರನ್ನು ಕರೆ. ಮನೆಯಲ್ಲಿ ಒಂದು ಹಗ್ಗವನ್ನು ಹಾವು ಅಂತ ಇಟ್ಟು ಆಟದ ಹಾಗೆ ಅಭ್ಯಾಸ ಮಾಡಿಸಿ. ಮರಿ ಹಾವನ್ನು ಮುದ್ದು ಅಂತ ಮುಟ್ಟಬಾರದು, ಸತ್ತಂತೆ ಬಿದ್ದ ಹಾವನ್ನೂ ಮುಟ್ಟಬಾರದು, ಬಿಲಕ್ಕೆ ಕೈ ಹಾಕಬಾರದು ಅಂತ ಹೇಳಿ. ಮಗುವಿಗೆ ಕಚ್ಚಿದರೆ ಅದೇ ವಿಷ ಸಣ್ಣ ಮೈಗೆ ಜಾಸ್ತಿಯಾಗುತ್ತದೆ, ಹಾಗಾಗಿ ಈ ವಿಷಯದಲ್ಲಿ ಸಲಿಗೆ ಬೇಡ.

ನೋಡುವ ಆಸೆಯನ್ನು ಮಾತ್ರ ತಡೆಯಬೇಡಿ. ನೀವು ಜೊತೆಯಲ್ಲಿ ನಿಂತು, ಕಿಟಕಿಯಿಂದಲೋ ಜಗಲಿಯಿಂದಲೋ ತೋರಿಸಿ. ಹಿತ್ತಿಲಿನಲ್ಲಿ ಹಾವಿನ ಪೊರೆ ಸಿಕ್ಕರೆ ಹಾವು ಹತ್ತಿರ ಇಲ್ಲ ಅಂತ ನೋಡಿಕೊಂಡು ಕೋಲಿನಿಂದ ಎತ್ತಿ ತಂದು ಕೊಡಿ. ಅದನ್ನು ಬೆಳಕಿಗೆ ಹಿಡಿದರೆ ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಒಟ್ಟಿಗೇ ಕಳಚಿ ಬಂದಿರುವುದು ಕಾಣುತ್ತದೆ, ಹಾವಿಗೆ ರೆಪ್ಪೆ ಇಲ್ಲ ಅಂತ ಅವಳಿಗೇ ತಿಳಿಯುತ್ತದೆ. ಪೊರೆ ಎಳೆದುಕೊಂಡು ಬರುವುದರಿಂದ ಹಾವಿಗಿಂತ ಉದ್ದ ಇರುತ್ತದೆ, ಅದನ್ನು ಅಳೆದು ಹೆದರಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಒಂದು ನೋಟ್‌ಬುಕ್ ಕೊಟ್ಟು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಬಣ್ಣದ ಹಾವು ಕಂಡಿತು ಅಂತ ಬರೆಸಿ. ಒಂದು ವರ್ಷ ಬರೆದರೆ ಯಾವ ತಿಂಗಳಲ್ಲಿ ನಿಮ್ಮ ಅಂಗಳದಲ್ಲಿ ಹೆಚ್ಚು ಎಚ್ಚರ ಬೇಕು ಅಂತ ಆ ಪುಸ್ತಕವೇ ಹೇಳುತ್ತದೆ. ಅವಳು ಒಪ್ಪಿದರೆ ಅದರ ಒಂದು ಪುಟ ನನಗೂ ಕಳಿಸಿ.